ಮುಕುಟವೂ ಗೂಡೂ

ಮಳೆಗಾಲ ಕಳೆದು, ಪದವಿನ ಮುಳಿಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುವ ದಿನಗಳಲ್ಲಿ ನಮ್ಮ ಶಾಲೆಯ ಅಂಗಳಕ್ಕೆ ಒಬ್ಬ ಅತಿಥಿ ಬರುವುದುಂಟು. ಕಾಸರಗೋಡಿನ ಒಳನಾಡನ್ನು ಬಲ್ಲವರಿಗೆ ಪದವು ಎಂದರೇನೆಂದು ವಿವರಿಸಬೇಕಾಗಿಲ್ಲ. ಅದು ಮುರಕಲ್ಲಿನ ವಿಶಾಲವಾದ ಹಾಸು. ಮಳೆಯ ತಿಂಗಳುಗಳಲ್ಲಿ ಅದರ ತಗ್ಗುಗಳಲ್ಲಿ ನೀರು ನಿಂತು, ನೀರಿನ ಸುತ್ತ ಸಣ್ಣ ಸಣ್ಣ ಹೂವುಗಳು ಅರಳುತ್ತವೆ. ಬೇಸಗೆಯಲ್ಲಿ ಅದೇ ಕಲ್ಲು ಕಾದ ಕಾವಲಿಯಂತೆ ಕಾಲನ್ನು ಸುಡುತ್ತದೆ. ಇವೆರಡರ ನಡುವಣ ತಂಪಾದ ತಿಂಗಳುಗಳಲ್ಲಿ, ಬೆಳಗ್ಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಅಂಗಳದ ಅಂಚಿನ ಹುಲ್ಲಿನಲ್ಲಿ ನಮ್ಮ ಅತಿಥಿ ಇಳಿಯುತ್ತಾನೆ.

ಗೊರವಂಕದಷ್ಟೇ ಗಾತ್ರದ ಹಕ್ಕಿ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು ೩೦ ಸೆಂಟಿಮೀಟರು ಉದ್ದ. ತೂಕ ೧೦೦ ಗ್ರಾಮಿಗೂ ಕಡಮೆ. ಮೈ ಎಳೆಯ ಕಿತ್ತಳೆಯ ಛಾಯೆಯುಳ್ಳ ಕಂದು ಬಣ್ಣದ್ದು. ರೆಕ್ಕೆಗಳಲ್ಲಿಯೂ ಬಾಲದಲ್ಲಿಯೂ ಕಪ್ಪು ಬಿಳುಪಿನ ಅಗಲವಾದ ಪಟ್ಟೆಗಳು. ನೆಲಕ್ಕಿಳಿದೊಡನೆ ಅದು ತಲೆಯ ಮೇಲಿನ ಗರಿಗಳನ್ನು ಬೀಸಣಿಗೆಯಂತೆ ಬಿಚ್ಚುತ್ತದೆ. ಒಂದೊಂದು ಗರಿಯ ತುದಿಗೂ ಕಪ್ಪು ಬೊಟ್ಟು. ಆ ಕ್ಷಣದಲ್ಲಿ ಅದನ್ನು ನೋಡಿದ ಮಗು, ಎಷ್ಟೇ ತುಂಟನಾಗಿರಲಿ, ಒಂದು ಗಳಿಗೆ ಮಾತು ಮರೆಯುತ್ತದೆ. ಇದೇ ಚಂದ್ರಮುಕುಟ.

ಕನ್ನಡದವರು ಈ ಹಕ್ಕಿಗೆ ಅದರ ಮುಕುಟವನ್ನು ನೋಡಿ ಹೆಸರಿಟ್ಟರು. ನಮ್ಮ ನೆರೆಯ ಮಲಯಾಳದವರು ಅದರ ದನಿಯನ್ನು ಕೇಳಿ ಉಪ್ಪೂಪ್ಪನ್ ಎಂದರು. ಅರಬ್ಬರು ಹುದ್‌ಹುದ್ ಎಂದದ್ದೂ, ೧೭೫೮ರಲ್ಲಿ ಲಿನೇಯಸನು ಉಪುಪ ಎಪಾಪ್ಸ್ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟದ್ದೂ ಆ ದನಿಯ ಅನುಕರಣದಿಂದಲೇ. ಜರ್ಮನರಲ್ಲಿ ಮಾತ್ರ ಬೇರೊಂದು ಮಾತುಂಟು. ಯಾರಾದರೂ ಕೆಟ್ಟ ವಾಸನೆ ಬೀರಿದರೆ ‘ಈ ಹಕ್ಕಿಯ ಹಾಗೆ ನಾರುತ್ತಾನೆ’ ಎಂದು ಅವರು ಗಾದೆಯಾಡುತ್ತಾರೆ. ಹೀಗೆ ಒಂದೇ ಹಕ್ಕಿಯನ್ನು ಒಂದು ಜನ ಕಣ್ಣಿನಿಂದ ಅರಿತರು, ಮತ್ತೊಂದು ಜನ ಕಿವಿಯಿಂದ, ಇನ್ನೊಂದು ಜನ ಮೂಗಿನಿಂದ. ಇವರಲ್ಲಿ ಹಕ್ಕಿಯನ್ನು ನಿಜವಾಗಿ ಅರಿತವರು ಯಾರು? ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದುದಲ್ಲ. ಶಾಲೆಯ ಹಿಂದಿನ ಗೋಡೆಯಿಂದ ಬಂದುದು. ಆ ಸಂಗತಿಯನ್ನು ಈ ಪುಟಗಳಲ್ಲಿ ಒಪ್ಪಿಸುವುದೇ ನಮ್ಮ ಉದ್ದೇಶ.

ಅದು ಫೆಬ್ರವರಿ ತಿಂಗಳು. ನಾಲ್ಕನೆಯ ತರಗತಿಯ ಮಕ್ಕಳಿಗೆ ಪರಿಸರಪಾಠದ ಅಂಗವಾಗಿ ಚಂದ್ರಮುಕುಟದ ಚಿತ್ರವನ್ನು ಬರೆಯಿಸಿದ್ದೆವು. ಮೂವತ್ತು ಮಕ್ಕಳ ಮೂವತ್ತು ಹಕ್ಕಿಗಳು ಗೋಡೆಯ ಮೇಲೆ ಸಾಲಾಗಿ ನಿಂತವು. ಎಲ್ಲ ಹಕ್ಕಿಗಳ ಮುಕುಟಗಳೂ ಮೈಗಿಂತ ದೊಡ್ಡವಾಗಿದ್ದವು. ಕೆಲವಕ್ಕೆ ಕಾಲುಗಳೇ ಇರಲಿಲ್ಲ. ಹಕ್ಕಿಯ ಮುಕುಟ ಸದಾ ಬಿಚ್ಚಿರುವುದಿಲ್ಲ, ಇಳಿಯುವಾಗಲೂ ಬೆದರಿದಾಗಲೂ ಉದ್ವೇಗಗೊಂಡಾಗಲೂ ಮಾತ್ರ ಅದು ನಿಮಿರುತ್ತದೆ, ದುಡಿಯುವಾಗ ತಲೆಯ ಹಿಂದಕ್ಕೆ ಮಡಚಿಕೊಂಡಿರುತ್ತದೆ ಎಂದು ನಾವು ತಿಳಿಸಿದೆವು. ಉದ್ದವಾದ ಬಾಗಿದ ಕೊಕ್ಕನ್ನು ಅದು ಮಣ್ಣಿನೊಳಕ್ಕೆ ಊರಿ, ಮಣ್ಣಿನೊಳಗೇ ಕೊಕ್ಕನ್ನು ತೆರೆದು ಹುಳುವನ್ನು ಹಿಡಿಯಬಲ್ಲುದು. ಅದಕ್ಕೆ ಬೇಕಾದ ಬಲವಾದ ಸ್ನಾಯುಗಳು ಅದರ ತಲೆಯಲ್ಲಿವೆ. ಬೆಳೆಯ ಬೇರನ್ನು ಕಡಿಯುವ ಹುಳುಗಳನ್ನೂ ಮಣ್ಣಿನಲ್ಲಡಗಿದ ಕೋಶಗಳನ್ನೂ ತಿನ್ನುವ ಈ ಹಕ್ಕಿ ರೈತನಿಗೆ ಬೇಡದೆಯೇ ಬಂದ ಕೂಲಿಯಾಳು. ಮಕ್ಕಳು ಎಲ್ಲವನ್ನೂ ಕೇಳಿದರು. ಆದರೆ ಅವರ ಮನಸ್ಸು ಮುಕುಟದಲ್ಲಿಯೇ ಇತ್ತು.

ಮರುವಾರ, ಬಿಡುವಿನ ಹೊತ್ತಿನಲ್ಲಿ, ಶಾಲೆಯ ಹಿಂದಣ ಮುರಕಲ್ಲಿನ ಹಳೆಯ ಆವರಣಗೋಡೆಯ ಬಳಿಯಿಂದ ‘ಹಾವು! ಹಾವು!’ ಎಂಬ ಕೂಗು ಕೇಳಿಸಿತು. ಓಡಿ ಹೋಗಿ ನೋಡಿದೆವು. ಒಂದು ಕಲ್ಲು ಕಳಚಿ ಬಿದ್ದಲ್ಲಿ ಉಂಟಾಗಿದ್ದ ತೂತಿಗೆ ಹುಡುಗನೊಬ್ಬ ಕೈಹಾಕಿದ್ದ. ಒಳಗಿನಿಂದ ಹಾವಿನ ಬುಸುಗುಟ್ಟುವಿಕೆ ಕೇಳಿಸಿತಂತೆ. ಜೊತೆಗೆ ಏನೋ ದ್ರವ ಅವನ ಕೈಮೇಲೆ ಚಿಮ್ಮಿತ್ತು. ಅದರ ದುರ್ನಾತವೋ ಕೊಳೆತ ಮಾಂಸದ್ದು. ಆ ಹುಡುಗ ಕೈಯನ್ನು ಮೂರು ಸಲ ತೊಳೆದರೂ ವಾಸನೆ ಬಿಡಲಿಲ್ಲ. ಅಷ್ಟರಲ್ಲಿ ಗೋಡೆಯ ಮೇಲೆ ಬಂದಿಳಿದುದು ಬೇರೆ ಯಾವುದೂ ಅಲ್ಲ, ಕೊಕ್ಕಿನಲ್ಲಿ ಹುಳುವನ್ನು ಕಚ್ಚಿಕೊಂಡ ನಮ್ಮ ಚಂದ್ರಮುಕುಟವೇ. ಅದು ಮುಕುಟವನ್ನೊಮ್ಮೆ ಬಿಚ್ಚಿ, ಮಡಚಿ, ತೂತಿನೊಳಕ್ಕೆ ತಲೆ ತೂರಿತು.

ಮಕ್ಕಳ ಮುಖದಲ್ಲಿ ಆಗ ಕಂಡ ನಿರಾಶೆಯನ್ನು ನಾವು ಮರೆಯುವಂತಿಲ್ಲ. ‘ಛೀ, ಇದರ ಗೂಡಾ?’ ಎಂದಳು ಒಬ್ಬಳು. ಗೋಡೆಯ ಮೇಲಿದ್ದ ತನ್ನ ಚಿತ್ರವನ್ನು ಕಿತ್ತು ತೆಗೆಯಬೇಕೆಂದು ಇನ್ನೊಬ್ಬ ಹೇಳಿದ. ತೂತಿಗೆ ಕಲ್ಲು ತುರುಕಿ ಸಿಮೆಂಟು ಬಳಿಸೋಣ ಎಂಬ ಸಲಹೆಯೂ ಬಂತು. ಅದಕ್ಕೆ ಬಹುಮತವೂ ದೊರೆಯಿತು. ನಾವು ಸಮಾಧಾನದ ಮಾತು ಹೇಳುತ್ತಿದ್ದಂತೆಯೇ ತರಗತಿಯೊಳಗೆ ಯಾರೋ ನಗುತ್ತ, ‘ಒಂದು ಗೂಡು ಇಲ್ಲೇ ಉಂಟಲ್ಲ, ಕಿಟಕಿ ಹತ್ತಿರ!’ ಎಂದ. ತರಗತಿಗೆ ತರಗತಿಯೇ ನಕ್ಕಿತು.

ಕಿಟಕಿಯ ಹತ್ತಿರದ ಬೆಂಚಿನಲ್ಲಿ ಒಬ್ಬನೇ ಒಬ್ಬ ಹುಡುಗ ಕುಳಿತಿದ್ದ. ಅವನು ತನ್ನ ಕೈಗಳನ್ನು ಮೆಲ್ಲನೆ ಮೇಜಿನ ಕೆಳಗೆ ತೆಗೆದುಕೊಂಡ.

ಅವನನ್ನು ಅಲ್ಲಿ ಕುಳ್ಳಿರಿಸಿದವರು ನಾವೇ. ಅವನ ತಾಯಿ ರಬ್ಬರು ತೋಟದಲ್ಲಿ ಟ್ಯಾಪಿಂಗ್ ಕೆಲಸ ಮಾಡುವವಳು. ಬೆಳಕು ಹರಿಯುವ ಮೊದಲೇ ಸುಮಾರು ಮುನ್ನೂರು ಮರಗಳ ತೊಗಟೆ ಗೀರಿ ಮುಗಿಸಬೇಕು. ಹಾಲು ಇಳಿದ ಮೇಲೆ ಚಿಪ್ಪುಗಳಿಂದ ಬಕೆಟಿಗೆ ಸುರಿದು ಶೇಖರಿಸಬೇಕು. ಹಿಂದಿನ ದಿನ ಚಿಪ್ಪಿನಲ್ಲಿ ಹೆಪ್ಪುಗಟ್ಟಿ ಹಳಸಿದ್ದನ್ನೂ ಕೀಳಬೇಕು. ಮಗ ತಾಯಿಗೆ ನೆರವಾಗಿ, ಬಳಿಕ ಶಾಲೆಗೆ ಓಡಿ ಬರುತ್ತಿದ್ದ. ಹಳಸಿದ ರಬ್ಬರು ಹಾಲಿನ ವಾಸನೆ ಎಂಥದೆಂಬುದು ನಮ್ಮ ಕಡೆಯ ಓದುಗರಿಗೆ ತಿಳಿದೇ ಇದೆ. ಅದು ಬಟ್ಟೆಗೂ ಉಗುರಿಗೂ ಅಂಟಿಕೊಳ್ಳುತ್ತದೆ. ಜೂನ್ ತಿಂಗಳಲ್ಲಿ ಪಕ್ಕದ ಮಕ್ಕಳು ಮೂಗು ಮುಚ್ಚಿಕೊಂಡು ದೂರು ಹೇಳಿದಾಗ ನಾವು ಆಲೋಚಿಸಲಿಲ್ಲ. ‘ನೀನು ಕಿಟಕಿಯ ಹತ್ತಿರ ಕುಳಿತುಕೋ, ಗಾಳಿ ಬರುತ್ತದೆ’ ಎಂದೆವು. ಮಾತು ಮೆದುವಾಗಿಯೇ ಇತ್ತು. ಗದರಿಸಲಿಲ್ಲ, ನಿಂದಿಸಲಿಲ್ಲ. ಆದ್ದರಿಂದಲೇ ನಾವು ತಪ್ಪು ಮಾಡಿದೆವೆಂದು ಎಂಟು ತಿಂಗಳು ನಮಗೇ ತಿಳಿಯಲಿಲ್ಲ. ಅಂದು ಕೇಳಿದ ನಗೆಯಲ್ಲಿ ಮಕ್ಕಳು ನಮಗೆ ನಮ್ಮದೇ ಪಾಠವನ್ನು ಒಪ್ಪಿಸಿದರು. ನಾವು ಕಲಿಸದೆ ಕಲಿಸಿದ ಪಾಠವದು.

ಆ ರಾತ್ರಿ ಈ ಹಕ್ಕಿಯ ವಿಷಯವಾಗಿ ದೊರೆತುದನ್ನೆಲ್ಲ ಓದಿದೆವು. ಓದಿದುದರ ಸಾರ ಇಷ್ಟು. ಚಂದ್ರಮುಕುಟದ ಗಂಡಿಗೂ ಹೆಣ್ಣಿಗೂ ಮುಕುಟವುಂಟು. ಮರದ ಪೊಟರೆಯಲ್ಲೋ ಗೋಡೆಯ ತೂತಿನಲ್ಲೋ ಹೆಣ್ಣು ಮೊಟ್ಟೆಯಿಡುತ್ತದೆ. ಕಾವಿಗೆ ಕುಳಿತುಕೊಳ್ಳುವುದು ತಾಯಿಯೊಂದೇ. ಹದಿನೈದು ಹದಿನೆಂಟು ದಿನ ಅದು ಕತ್ತಲೆಯಲ್ಲಿರುತ್ತದೆ, ಗಂಡು ಆಹಾರ ತಂದು ಉಣಿಸುತ್ತದೆ. ಹಕ್ಕಿಗಳ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯೊಂದಿರುತ್ತದೆ. ಬೇರೆ ಕಾಲದಲ್ಲಿ ಚಂದ್ರಮುಕುಟದ ಈ ಎಣ್ಣೆ ಬಿಳಿಯದು, ವಾಸನೆಯಿಲ್ಲದ್ದು. ತಾಯಿಯಾಗುವ ಕಾಲ ಬಂತೆಂದರೆ ಹೆಣ್ಣಿನ ಗ್ರಂಥಿಯಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾಗಳು ಬೆಳೆದು, ಎಣ್ಣೆ ಕಂದು ಬಣ್ಣಕ್ಕೆ ತಿರುಗಿ, ದುರ್ನಾತ ಬೀರತೊಡಗುತ್ತದೆ. ತಾಯಿ ಇದನ್ನು ಕೊಕ್ಕಿನಿಂದ ತೆಗೆದು ತನ್ನ ಗರಿಗಳಿಗೂ ಮೊಟ್ಟೆಗಳಿಗೂ ಬಳಿಯುತ್ತದೆ. ಮರಿಗಳ ಗ್ರಂಥಿಯಲ್ಲಿಯೂ ಇಂಥದೇ ಎಣ್ಣೆ ಹುಟ್ಟುತ್ತದೆ.

ಸ್ಪೇನ್ ದೇಶದ ವಿಜ್ಞಾನಿಗಳು ಈ ಶತಮಾನದಲ್ಲಿ ನಡೆಸಿದ ಸಂಶೋಧನೆಗಳಿಂದ ಇದರ ಮರ್ಮ ತಿಳಿದುಬಂದಿದೆ. ಈ ಬ್ಯಾಕ್ಟೀರಿಯಾಗಳು ಬೇರೆ ಹಾನಿಕಾರಕ ಸೂಕ್ಷ್ಮಜೀವಿಗಳನ್ನು ತಡೆಯುವ ಪದಾರ್ಥಗಳನ್ನು ಹುಟ್ಟಿಸುತ್ತವೆ. ಗರಿಗಳನ್ನು ಕೊಳೆಯಿಸುವ ಕ್ರಿಮಿಗಳಿಗೆ ಅವು ತಡೆಯೊಡ್ಡುತ್ತವೆ. ಮೊಟ್ಟೆಯ ಹೊರಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕುಳಿಗಳಿದ್ದು, ತಾಯಿ ಬಳಿದ ಎಣ್ಣೆ ಅವುಗಳಲ್ಲಿ ತುಂಬಿಕೊಂಡು, ಒಳಗಿನ ಜೀವವನ್ನು ರೋಗದಿಂದ ಕಾಪಾಡುತ್ತದೆ. ದುರ್ನಾತವು ಗೂಡಿನತ್ತ ಬರುವ ಶತ್ರುಗಳನ್ನೂ ದೂರವಿಡುತ್ತದೆಂದು ತಿಳಿದವರ ಮತ. ಹುಟ್ಟಿ ಆರು ದಿನವಾಗುವಷ್ಟರಲ್ಲಿ ಮರಿಗಳು ಹಾವಿನಂತೆ ಬುಸುಗುಟ್ಟಲೂ, ಕೈಯೊಡ್ಡಿದವರ ಮೇಲೆ ಮಲವನ್ನು ಗುರಿಯಿಟ್ಟು ಚಿಮ್ಮಿಸಲೂ ಬಲ್ಲವು. ನಮ್ಮ ಹುಡುಗನಿಗೆ ಆದ ಅನುಭವ ಅದೇ. ಮರಿಗಳು ಗೂಡನ್ನು ಬಿಟ್ಟು ಹಾರುವ ಹೊತ್ತಿಗೆ ಈ ದುರ್ಗಂಧದ ಎಣ್ಣೆ ತಾನಾಗಿಯೇ ನಿಲ್ಲುತ್ತದೆ.

ಅಂದರೆ ಏನಾಯಿತು? ನಾವು ಮೆಚ್ಚಿ ಚಿತ್ರ ಬರೆದ ಮುಕುಟ ಒಂದು ಕಡೆ, ಮೂಗು ಮುಚ್ಚಿ ತೂತು ಮುಚ್ಚಿಸಹೊರಟ ಗೂಡು ಮತ್ತೊಂದು ಕಡೆ. ಎರಡೂ ಒಂದೇ ಹಕ್ಕಿಯವು. ಗೂಡು ನಾರದಿದ್ದರೆ ಮರಿ ಬದುಕುವುದು ಕಷ್ಟ. ಮರಿ ಬದುಕದಿದ್ದರೆ ಮುಂದಿನ ವರ್ಷ ಅಂಗಳದಲ್ಲಿ ಮುಕುಟ ಬಿಚ್ಚುವ ಹಕ್ಕಿಯೆಲ್ಲಿ? ಮುಕುಟವನ್ನು ಮೆಚ್ಚಿ ಗೂಡನ್ನು ಹಳಿಯುವವನು ಹೂವನ್ನು ಮುಡಿದು ಗೊಬ್ಬರವನ್ನು ನಿಂದಿಸುವವನಂತೆ. ನಮ್ಮ ಕಣ್ಣು ಮೂಗುಗಳಿಗೆ ಹಿತವಾದುದನ್ನು ಒಳ್ಳೆಯದೆಂದೂ, ಅಹಿತವಾದುದನ್ನು ಕೆಟ್ಟದೆಂದೂ ತೀರ್ಪು ಕೊಡುವ ಅಧಿಕಾರ ನಮಗೆ ಎಲ್ಲಿಂದ ಬಂತು? ಇದೇ ನಮ್ಮ ಪ್ರಶ್ನೆ.

ಮನುಕುಲ ಈ ಹಕ್ಕಿಯ ವಿಷಯದಲ್ಲಿ ಬಹುಕಾಲದಿಂದಲೂ ಎರಡು ಮನಸ್ಸಿನಿಂದ ನಡೆದುಕೊಂಡಿದೆ. ಬೈಬಲಿನ ಯಾಜಕಕಾಂಡದಲ್ಲಿಯೂ ಧರ್ಮೋಪದೇಶಕಾಂಡದಲ್ಲಿಯೂ ತಿನ್ನಬಾರದ ಅಶುದ್ಧ ಪಕ್ಷಿಗಳ ಪಟ್ಟಿಯೊಂದುಂಟು. ಅದರಲ್ಲಿ ಬರುವ ಒಂದು ಹೆಸರನ್ನು ಸಾಮಾನ್ಯವಾಗಿ ಈ ಹಕ್ಕಿಯೆಂದೇ ಅರ್ಥೈಸುತ್ತಾರೆ. ಆ ಪಟ್ಟಿಯನ್ನು ಇಂದಿಗೂ ಧರ್ಮವಾಕ್ಯವೆಂದು ಮನ್ನಿಸುವ ಯೆಹೂದ್ಯರ ದೇಶವಾದ ಇಸ್ರೇಲು ೨೦೦೮ರಲ್ಲಿ ಇದೇ ಹಕ್ಕಿಯನ್ನು ತನ್ನ ರಾಷ್ಟ್ರಪಕ್ಷಿಯಾಗಿ ಆರಿಸಿಕೊಂಡಿತು. ಕುರಾನಿನ ೨೭ನೆಯ ಅಧ್ಯಾಯದಲ್ಲಿ ಹುದ್‌ಹುದ್ ಹಕ್ಕಿ ಸುಲೈಮಾನನ ಬಳಿಗೆ ಶೇಬಾ ನಾಡಿನ ರಾಣಿಯ ಸುದ್ದಿಯನ್ನು ತರುವ ದೂತ. ನಮ್ಮೂರಿನ ಮುಸಲ್ಮಾನ ಮಕ್ಕಳು ಈ ಕಥೆಯನ್ನು ಮದರಸದಲ್ಲಿ ಕೇಳಿಯೇ ಬಂದಿರುತ್ತಾರೆ. ಹನ್ನೆರಡನೆಯ ಶತಮಾನದ ಪಾರಸಿಕ ಕವಿ ಫರೀದುದ್ದೀನ್ ಅತ್ತಾರನ ಕಾವ್ಯದಲ್ಲಿ ಪಕ್ಷಿಗಳೆಲ್ಲ ತಮ್ಮ ಅರಸನನ್ನು ಹುಡುಕುತ್ತ ಹೊರಟಾಗ ಅವುಗಳಿಗೆ ದಾರಿ ತೋರುವ ಗುರು ಈ ಹಕ್ಕಿಯೇ. ಏಳು ಕಣಿವೆಗಳನ್ನು ದಾಟಿ ಗುರಿ ಸೇರಿದ ಮೂವತ್ತು ಹಕ್ಕಿಗಳು ತಾವು ಹುಡುಕಿದ ಅರಸ ತಾವೇ ಎಂದು ಅರಿಯುತ್ತವೆ. ಆ ಅರಸನ ಹೆಸರಾದ ಸೀಮುರ್ಗ್ ಎಂಬ ಪದಕ್ಕೆ ಪಾರಸಿಯಲ್ಲಿ ಮೂವತ್ತು ಹಕ್ಕಿ ಎಂದೂ ಅರ್ಥವಾಗುತ್ತದೆ.

ಇದೇ ಸುಲೈಮಾನನನ್ನು ಕುರಿತು ಜನಪದದಲ್ಲಿ ಇನ್ನೊಂದು ಕಥೆಯುಂಟು. ಬಿಸಿಲಿನಲ್ಲಿ ಬಳಲಿದ ಅರಸನಿಗೆ ಈ ಹಕ್ಕಿಗಳು ರೆಕ್ಕೆ ಹರಡಿ ನೆರಳು ಕೊಟ್ಟವು. ವರವೇನು ಬೇಕೆಂದು ಅರಸ ಕೇಳಿದಾಗ ಚಿನ್ನದ ಕಿರೀಟ ಬೇಕೆಂದವು. ಕಿರೀಟ ದೊರೆಯಿತು. ಚಿನ್ನದಾಸೆಗೆ ಬೇಡರು ಬಲೆ ಬೀಸಿದರು. ಕುಲವೇ ಅಳಿಯುವ ಹಾಗಾಯಿತು. ಹಕ್ಕಿಗಳು ಅರಸನಲ್ಲಿಗೆ ಬಂದು ಮೊರೆಯಿಟ್ಟಾಗ ಆತ ಚಿನ್ನವನ್ನು ತೆಗೆದು ಗರಿಯ ಮುಕುಟವನ್ನು ದಯಪಾಲಿಸಿದ. ಕಥೆ ಕಟ್ಟಿದವರು ಒಂದನ್ನು ಬಲ್ಲವರಾಗಿದ್ದರು: ಜನ ಬೆಲೆಕಟ್ಟಿದ್ದು ಹಕ್ಕಿಗಲ್ಲ, ಕಿರೀಟಕ್ಕೆ.

ಕಿರೀಟದ ವಿಷಯ ನಮ್ಮ ನಾಡಿನವರಿಗೆ ಹೊಸತಲ್ಲ. ಕುಂಬಳೆಯ ಪಾರ್ತಿಸುಬ್ಬನು ಹುಟ್ಟಿದ ನೆಲವಿದು. ಯಕ್ಷಗಾನದ ರಂಗಸ್ಥಳದಲ್ಲಿ ಕಿರೀಟಧಾರಿಯಾದ ವೇಷ ಪ್ರವೇಶಿಸಿದಾಗ ಮಕ್ಕಳು ಎದ್ದು ನಿಲ್ಲುವುದನ್ನು ನಾವು ಕಂಡಿದ್ದೇವೆ. ಬೆಳಗಾಗುವ ಹೊತ್ತಿಗೆ ಚೌಕಿಗೆ ಹೋಗಿ ನೋಡಿದವರಿಗೆ ಬೇರೊಂದು ನೋಟ. ಕಿರೀಟವನ್ನು ಕಳಚಿಟ್ಟ ಕಲಾವಿದನ ತಲೆಗೆ ಸುತ್ತಿದ ಬಟ್ಟೆ ಬೆವರಿನಿಂದ ತೊಯ್ದು ತೊಟ್ಟಿಕ್ಕುತ್ತಿರುತ್ತದೆ. ಬಣ್ಣ, ಎಣ್ಣೆ, ಬೆವರು ಬೆರೆತ ವಾಸನೆ ಚೌಕಿಯ ತುಂಬ. ಆ ಬೆವರಿಲ್ಲದೆ ರಂಗದ ಆ ಕಾಂತಿ ಇಲ್ಲ.

ಇದಕ್ಕಿಂತಲೂ ಕಠಿಣವಾದ ಉದಾಹರಣೆ ಭೂತಕೋಲದಲ್ಲಿಯೂ ತೆಯ್ಯದಲ್ಲಿಯೂ ಇದೆ. ಅಣಿಯನ್ನೋ ಮುಡಿಯನ್ನೋ ಧರಿಸಿ ದೈವವಾಗಿ ನಿಂತವನ ಮುಂದೆ ಊರಿನ ಗುತ್ತಿನವರೂ ತರವಾಡಿನ ಯಜಮಾನರೂ ಕೈಮುಗಿದು ನುಡಿ ಕೇಳುತ್ತಾರೆ. ಕಟ್ಟುವವರು ನಲಿಕೆ, ಪಂಬದ, ಪರವ, ವಣ್ಣಾನ್, ಮಲಯನ್ ಮೊದಲಾದ ಸಮುದಾಯದವರು. ಅಣಿ ಇಳಿದ ಮೇಲೆ ಅದೇ ಮನುಷ್ಯನನ್ನು ಅಂಗಳದಾಚೆಗೆ ನಿಲ್ಲಿಸಿದ ಕಾಲ ನಮ್ಮ ಅಜ್ಜಂದಿರ ಕಾಲ, ಬಹು ಹಿಂದಿನದಲ್ಲ. ಇರುಳಿನಲ್ಲಿ ಮುಕುಟಕ್ಕೆ ವಂದನೆ, ಹಗಲಿನಲ್ಲಿ ಗೂಡಿಗೆ ದೂರ. ಈ ನೆಲದ ಪೊಟ್ಟನ್ ತೆಯ್ಯವೇ ಈ ಇಬ್ಬಂದಿತನವನ್ನು ಪ್ರಶ್ನಿಸುತ್ತದೆ. ದಾರಿಬಿಡೆಂದ ಶಂಕರಾಚಾರ್ಯರನ್ನು ಚಂಡಾಲರೂಪದ ಶಿವನು ತಡೆದು, ನಿನ್ನ ಮೈಯಲ್ಲಿ ಹರಿಯುವ ನೆತ್ತರಿಗೂ ನನ್ನದಕ್ಕೂ ಭೇದವೇನೆಂದು ಕೇಳಿದ ಕಥೆಯದು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಅದನ್ನು ನಾವು ತರಗತಿಯಲ್ಲಿ ಕಲಿಸಿದವರೇ. ಕಲಿಸುತ್ತಲೇ ಒಬ್ಬ ಹುಡುಗನನ್ನು ಕಿಟಕಿಯ ಬಳಿಗೆ ಸರಿಸಿದೆವು. ಜಾತಿಯ ಹೆಸರನ್ನು ನಾವು ಎತ್ತಲಿಲ್ಲ, ನಿಜ. ಆದರೆ ದೂರವಿಡಲು ಜಾತಿಯ ಹೆಸರೇ ಬೇಕೆಂದಿಲ್ಲವಷ್ಟೆ. ವಾಸನೆಯ ನೆಪವೂ ಸಾಕಾಗುತ್ತದೆ.

ಇಲ್ಲಿ ಎರಡು ಆಕ್ಷೇಪಗಳು ಏಳುವುದು ಸಹಜ. ಅವನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ.

ಮೊದಲನೆಯದು: ಹಕ್ಕಿಗೆ ನೀತಿಯೆಲ್ಲಿಯದು? ಅದು ಮಕ್ಕಳ ಮೇಲಣ ಪ್ರೇಮದಿಂದ ಆಲೋಚಿಸಿ ನಾತವನ್ನು ಬರಿಸಿಕೊಂಡುದಲ್ಲ. ಅದು ಪ್ರಕೃತಿಯ ನಿಯಮ. ಹೀಗಿರುವಾಗ ಹಕ್ಕಿಯಿಂದ ಮನುಷ್ಯನಿಗೆ ನೀತಿಪಾಠ ತೆಗೆಯುವುದು ಪಂಚತಂತ್ರದ ಕಾಲಕ್ಕೆ ಸರಿ, ಇಂದಿಗೆ ಸರಿಯೇ? ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಹಕ್ಕಿ ನಮಗೆ ನೀತಿಯನ್ನು ಬೋಧಿಸುವುದಿಲ್ಲ. ಆದರೆ ಹಕ್ಕಿಯನ್ನು ನೋಡುವ ಬಗೆಯಲ್ಲಿ ನಮ್ಮ ನೀತಿ ಹೊರಬೀಳುತ್ತದೆ. ‘ಛೀ’ ಎಂದುದು ಹಕ್ಕಿಯಲ್ಲ; ನಾವು. ಪರೀಕ್ಷೆಗೆ ಒಳಗಾದುದು ಗೂಡಲ್ಲ, ನಮ್ಮ ಮೂಗು. ಮೂಗಿನ ಮಾತನ್ನು ವಿಚಾರಿಸದೆ ನಂಬಿದ ನಮ್ಮ ಮನಸ್ಸು.

ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ. ಹಕ್ಕಿಯ ನಾತ ಮರಿಯನ್ನು ಕಾಯುತ್ತದೆ. ಹುಡುಗನ ಕೈಯ ವಾಸನೆ ಯಾರನ್ನು ಕಾಯುತ್ತದೆ? ಬಡತನದ ವಾಸನೆಯನ್ನು ಗುಣವೆಂದು ಹೊಗಳುವುದು ಹೊಟ್ಟೆ ತುಂಬಿದವರ ವೈಭವವಲ್ಲವೇ? ಶುಚಿತ್ವವನ್ನು ಕಲಿಸುವುದು ಶಿಕ್ಷಕರ ಕರ್ತವ್ಯವಲ್ಲವೇ? ಈ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಒಂಬತ್ತು ವರ್ಷದ ಹುಡುಗ ಬೆಳಗಿನ ಜಾವ ಬಕೆಟು ಹೊರುವುದು ಹೊಗಳತಕ್ಕ ಸಂಗತಿಯಲ್ಲ; ಮರುಗತಕ್ಕ ಸಂಗತಿ, ನಿಲ್ಲಬೇಕಾದ ಸಂಗತಿ. ಹಳಸಿದ ರಬ್ಬರಿನ ವಾಸನೆಗೆ ಮುಕುಟ ತೊಡಿಸಲು ನಾವು ಹೊರಟಿಲ್ಲ. ಆದರೆ ವಾಸನೆಯನ್ನು ಹೋಗಲಾಡಿಸುವುದು ಬೇರೆ, ವಾಸನೆಯುಳ್ಳವನನ್ನು ಹೋಗಲಾಡಿಸುವುದು ಬೇರೆ. ಮೊದಲನೆಯದಕ್ಕೆ ನೀರು, ಸಾಬೂನು, ವಿಚಾರಣೆ, ಸಮಯ ಬೇಕು. ಎರಡನೆಯದಕ್ಕೆ ಒಂದು ಬೆಂಚು ಸಾಕು. ನಾವು ಸುಲಭವಾದುದನ್ನು ಆರಿಸಿಕೊಂಡೆವು. ಅದಕ್ಕೆ ಶುಚಿತ್ವವೆಂಬ ಒಳ್ಳೆಯ ಹೆಸರನ್ನೂ ಕೊಟ್ಟುಕೊಂಡೆವು. ಅವನ ವಾಸನೆ ಎಲ್ಲಿಂದ ಬಂತೆಂದು ಎಂಟು ತಿಂಗಳಲ್ಲಿ ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ, ಮಗ ಕೈಗೂಡಿಸದಿದ್ದರೆ ತಾಯಿ ಹೊತ್ತಿಗೆ ಮನೆಗೆ ಬಂದು ಕಿರಿಯ ಇಬ್ಬರಿಗೆ ಗಂಜಿ ಬೇಯಿಸಲಾರಳು ಎಂಬುದು ಅಂದೇ ತಿಳಿಯುತ್ತಿತ್ತು. ಆ ವಾಸನೆಯ ಹಿಂದೆಯೂ ಕಾಪಾಡಬೇಕಾದ ಮರಿಗಳಿದ್ದವು.

ಮರುದಿನ ನಾವು ಮಾಡಿದುದು ದೊಡ್ಡದೇನಲ್ಲ. ಹಕ್ಕಿಯ ಗೂಡಿನ ವಿಷಯವನ್ನು ಮಕ್ಕಳಿಗೆ ಆದ್ಯಂತವಾಗಿ ಹೇಳಿದೆವು. ತೂತು ಮುಚ್ಚುವ ಸಲಹೆಯನ್ನು ಮತ್ತೆ ಮತಕ್ಕೆ ಹಾಕಿದೆವು. ಈ ಸಲ ಮರಿಗಳು ಹಾರುವ ತನಕ ಯಾರೂ ಆ ಗೋಡೆಯ ಬಳಿಗೆ ಹೋಗಬಾರದೆಂದು ಮಕ್ಕಳೇ ತೀರ್ಮಾನಿಸಿದರು. ಪಾಠದ ಕೊನೆಗೆ ಕಿಟಕಿಯ ಬಳಿಯ ಹುಡುಗ ಬಹು ತಿಂಗಳ ಮೇಲೆ ಕೈಯೆತ್ತಿದ. ‘ಮರಿ ಹಾರಿದ ಮೇಲೆ ಆ ವಾಸನೆ ಹೋಗ್ತದಾ ಮಾಷ್ಟ್ರೇ?’ ಎಂದು ಕೇಳಿದ. ‘ಹೋಗುತ್ತದೆ’ ಎಂದೆವು. ಅವನು ಕುಳಿತುಕೊಂಡ. ಆ ಪ್ರಶ್ನೆ ಹಕ್ಕಿಯನ್ನು ಕುರಿತದ್ದೋ ಬೇರೆಯದೋ ಎಂದು ನಾವು ಕೇಳಲಿಲ್ಲ.

ಆ ವಾರದಿಂದ ಬೆಂಚುಗಳ ಸ್ಥಾನವನ್ನು ಪ್ರತಿ ಸೋಮವಾರ ಬದಲಿಸುವ ಪದ್ಧತಿಯನ್ನು ತಂದೆವು. ಕಿಟಕಿಯ ಬಳಿ ಎಲ್ಲರೂ ಸರದಿಯಲ್ಲಿ ಕುಳಿತರು. ನಳ್ಳಿಯ ಬಳಿ ಒಂದು ಬಕೆಟು, ಒಂದು ಸಾಬೂನು ಇಟ್ಟೆವು. ಬೆಳಗ್ಗೆ ತರಗತಿಗೆ ಬರುವ ಮೊದಲು ಎಲ್ಲರೂ ಕೈ ತೊಳೆಯಬೇಕು, ಮೊದಲು ತೊಳೆಯುವವರು ನಾವು. ಒಬ್ಬನಿಗಾಗಿ ಮಾಡಿದ್ದೆಂದು ಯಾರಿಗೂ ತೋರದಂತೆ ನಡೆದುಕೊಂಡೆವು. ಅವನ ತಾಯಿಯನ್ನು ಕಂಡು ಮಾತಾಡಿದೆವು. ಅವಳು ಮೊದಲು ಮಾಡಿದುದು ಮಗನ ಪರವಾಗಿ ಕ್ಷಮೆ ಕೇಳುವುದು. ಆ ಕ್ಷಮೆಯನ್ನು ಕೇಳಬೇಕಾಗಿದ್ದವರು ನಾವು. ಕೇಳಿದೆವು, ಆದರೆ ಅವಳಿಗೆ ಅದು ಅರ್ಥವಾಯಿತೆಂದು ತೋರಲಿಲ್ಲ. ಮಗನನ್ನು ಕೈಕೆಲಸದಿಂದ ಬಿಡಿಸುವ ಪ್ರಶ್ನೆ ಸುಲಭವಾಗಿ ಬಗೆಹರಿಯುವಂಥದಾಗಿರಲಿಲ್ಲ. ವಾರಕ್ಕೆ ಎರಡು ದಿನ ಮಾತ್ರ ಅವನು ಹೋಗಲಿ ಎಂಬಲ್ಲಿಗೆ ಮಾತು ನಿಂತಿತು. ಇದನ್ನು ನಮ್ಮ ಗೆಲುವೆಂದು ಬರೆಯುತ್ತಿಲ್ಲ.

ಕನ್ನಡ ಸಂಘದ ಈ ಪುಟಗಳಲ್ಲಿ ಇನ್ನೊಂದು ಮಾತನ್ನು ಹೇಳದೆ ಮುಗಿಸುವಂತಿಲ್ಲ. ೧೯೫೬ರ ನವೆಂಬರ ೧ರಂದು ಕನ್ನಡ ನಾಡು ಒಂದಾಯಿತು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಇಂದಿನವರೆಗೆ ನವೆಂಬರ ತಿಂಗಳು ಬಂತೆಂದರೆ ನಾವು ವೇದಿಕೆ ಕಟ್ಟಿ, ಭುವನೇಶ್ವರಿಗೆ ಕಿರೀಟವಿಟ್ಟು, ಗೋವಿಂದ ಪೈಗಳನ್ನೂ ಕಯ್ಯಾರ ಕಿಞ್ಞಣ್ಣ ರೈಗಳನ್ನೂ ನೆನೆದು ಭಾಷಣ ಮಾಡುತ್ತೇವೆ. ಮಾಡಬೇಕಾದದ್ದೇ. ಅದು ನಮ್ಮ ನುಡಿಯ ಮುಕುಟ. ಅದರ ಗೂಡು ಎಲ್ಲಿ? ಮನೆಯಲ್ಲಿ ತುಳುವನ್ನೋ ಮಲಯಾಳವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಬ್ಯಾರಿಯನ್ನೋ ಆಡುತ್ತ, ಕನ್ನಡವನ್ನು ಕಲಿಯಲು ನಮ್ಮ ಒಂದೊಂದು ಕೋಣೆಗೆ ಬರುವ ಮಕ್ಕಳ ನಡುವೆ. ಆ ಮಕ್ಕಳಲ್ಲಿ ಹಲವರು ದುಡಿಮೆಯ ಮನೆಗಳಿಂದ ಬಂದವರು. ಹಟ್ಟಿಯ, ಮೀನಿನ, ಬೀಡಿಯ, ರಬ್ಬರಿನ ವಾಸನೆಯನ್ನು ಹೊತ್ತುಕೊಂಡೇ ಬಂದವರು. ವೇದಿಕೆಯ ಮುಕುಟವನ್ನು ಮೆಚ್ಚುವ ನಾವು ಈ ಗೂಡಿನ ಬಳಿ ಮೂಗು ಮುಚ್ಚಿಕೊಂಡರೆ, ನುಡಿಯ ಮೇಲಣ ನಮ್ಮ ಪ್ರೀತಿಯೂ ಮೂವತ್ತು ಮಕ್ಕಳು ಬರೆದ ಆ ಚಿತ್ರಗಳಂತೆಯೇ: ಮುಕುಟ ದೊಡ್ಡದು, ಕಾಲುಗಳಿಲ್ಲ.

ತಿಂಗಳೊಳಗೆ ಮರಿಗಳು ಹಾರಿದವು. ನಾವು ಎಣಿಸಿದಂತೆ ನಾಲ್ಕು. ಗೋಡೆಯ ಮೇಲೆ ಸಾಲಾಗಿ ಕುಳಿತು, ಇನ್ನೂ ಉದ್ದ ಬೆಳೆಯದ ಪುಟ್ಟ ಮುಕುಟಗಳನ್ನು ಅವು ಬಿಚ್ಚಿ ಬಿಚ್ಚಿ ಮಡಚುತ್ತಿದ್ದವು. ಮಕ್ಕಳು ತರಗತಿಯ ಬಾಗಿಲಲ್ಲಿ ಸದ್ದಿಲ್ಲದೆ ನಿಂತು ನೋಡಿದರು. ಬೇಸಗೆಯ ರಜೆಯಲ್ಲಿ ಗೋಡೆಯನ್ನು ದುರಸ್ತಿ ಮಾಡಲು ಬಂದವರಿಗೆ ಆ ಒಂದು ತೂತನ್ನು ಬಿಟ್ಟು ಉಳಿದುದನ್ನು ಸರಿಪಡಿಸಿರೆಂದು ಹೇಳಿದೆವು. ಈಗ ಅದು ಖಾಲಿಯಾಗಿದೆ; ಮೂಗಿಟ್ಟು ನೋಡಿದರೂ ಒಣ ಮಣ್ಣಿನ ವಾಸನೆಯಲ್ಲದೆ ಬೇರೇನಿಲ್ಲ. ಸುತ್ತಲ ಪದವುಗಳಲ್ಲಿ ಕಲ್ಲು ಕಡಿಯುವ ಯಂತ್ರಗಳ ಸದ್ದು ವರ್ಷದಿಂದ ವರ್ಷಕ್ಕೆ ಹತ್ತಿರವಾಗುತ್ತಿರುವಾಗ ಹಕ್ಕಿ ಮತ್ತೆ ಬರುವುದೋ ಇಲ್ಲವೋ ಹೇಳಲಾರೆವು. ಬಂದರೆ ಅದಕ್ಕೆ ಸ್ಥಳವಿದೆ.